ಅಮೆರಿಕದ ಸಂಸ್ಥಾಪಕರ ವೈಯಕ್ತಿಕ ನಂಬಿಕೆಯಿಂದ ಅಲ್ಲಿನ ಸಂವಿಧಾನದ ಅರ್ಥ ನಿರ್ಧಾರವಾಗುತ್ತದೆಯೇ?

ಪ್ರಶ್ನೆ: ಅಲೆಮಾರಿ ಓದುಗ

ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂದು ಲೂಸಿಯಾನ ರಾಜ್ಯವು 2024ರಲ್ಲಿ ಕಾನೂನು ಮಾಡಿದಂದಿನಿಂದ, ಪಕ್ಕದ ಟೆಕ್ಸಾಸಿನಲ್ಲಿರುವ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿನ ಚರ್ಚೆಯೆಲ್ಲ ಇದರ ಸುತ್ತಲೇ ನಡೆಯುತ್ತಿದೆ. ದೇಶವನ್ನು ಕಟ್ಟಿದವರೆಲ್ಲ ಕ್ರೈಸ್ತರಾಗಿದ್ದುದರಿಂದ ಇದು ಕ್ರೈಸ್ತ ರಾಷ್ಟ್ರವೇ ಎಂಬುದು ಒಬ್ಬ ಸಹೋದ್ಯೋಗಿಯ ವಾದ. ಜೆಫರ್ಸನ್, ಫ್ರಾಂಕ್ಲಿನ್ ಮೊದಲಾದವರು ಕ್ರೈಸ್ತರೇ ಅಲ್ಲ, ಸೃಷ್ಟಿಕರ್ತನನ್ನು ಒಪ್ಪಿ ಪವಾಡಗಳನ್ನು ತಳ್ಳಿಹಾಕುವ ಡೀಯಿಸ್ಟರು, ಆ ಕಾರಣಕ್ಕಾಗಿಯೇ ಅವರು ಚರ್ಚನ್ನು ಪ್ರಭುತ್ವದಿಂದ ದೂರವಿಟ್ಟರು ಎಂಬುದು ಇನ್ನೊಬ್ಬರ ವಾದ. ಇಬ್ಬರ ಬಳಿಯೂ ಉದ್ಧರಣೆಗಳಿಗೆ ಬರವಿಲ್ಲ. ಇವರಲ್ಲಿ ಯಾರ ಮಾತು ಸತ್ಯಕ್ಕೆ ಹತ್ತಿರವಾಗಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಹಳೆಯ ಕಡತ

ಇಬ್ಬರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಸಂಸ್ಥಾಪಕರ ನಂಬಿಕೆ ಏನೆಂದು ತಿಳಿದುಬಿಟ್ಟರೆ ಅವರು ಬರೆದ ಕಾನೂನಿನ ಅರ್ಥವೂ ತಿಳಿಯುತ್ತದೆ ಎಂದು ಇಬ್ಬರೂ ಎಣಿಸಿದ್ದಾರೆ.

ಮೊದಲಿಗೆ ನಂಬಿಕೆಯ ವಿಚಾರ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಜಾನ್ ವಿದರ್‌ಸ್ಪೂನ್ ಪ್ರೆಸ್ಬಿಟೇರಿಯನ್ ಪಾದ್ರಿ, ಚಾರ್ಲ್ಸ್ ಕ್ಯಾರೊಲ್ ಕ್ಯಾಥೊಲಿಕ್, ಸ್ಯಾಮ್ಯುಯೆಲ್ ಆಡಮ್ಸ್ ಕಟ್ಟಾ ಪ್ಯೂರಿಟನ್ ಸಂಪ್ರದಾಯದವರು. ಏಸುವಿನ ದೈವತ್ವದ ಬಗ್ಗೆ ತಮಗೆ ಸಂದೇಹವಿದೆಯೆಂದು ಫ್ರಾಂಕ್ಲಿನ್ ತಮ್ಮ ಸಾವಿನ ವರ್ಷವಾದ 1790ರಲ್ಲಿ ಪತ್ರವೊಂದರಲ್ಲಿ ಬರೆದರು. ವಾಷಿಂಗ್ಟನ್ ಆಂಗ್ಲಿಕನ್ ಚರ್ಚಿನ ಆಡಳಿತ ಮಂಡಳಿಯಲ್ಲಿದ್ದರೂ ಪ್ರಭುಭೋಜನದ ಹೊತ್ತಿಗೆ ಎದ್ದು ಹೊರಡುತ್ತಿದ್ದರು. ಇನ್ನು ಜೆಫರ್ಸನ್ ಇಳಿವಯಸ್ಸಿನಲ್ಲಿ, 1820ರ ಸುಮಾರಿಗೆ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳ ಹೊಸ ಒಡಂಬಡಿಕೆಗಳನ್ನು ಮುಂದಿಟ್ಟುಕೊಂಡು, ಏಸುವಿನ ಉಪದೇಶಗಳನ್ನು ಅಲಗಿನಿಂದ ಕತ್ತರಿಸಿ ತೆಗೆದು, ನಾಲ್ಕೂ ಭಾಷೆಗಳ ಪಾಠವನ್ನು ಅಕ್ಕಪಕ್ಕದಲ್ಲಿ ಅಂಟಿಸಿ ಪುಸ್ತಕವೊಂದನ್ನು ಕಟ್ಟಿಸಿಕೊಂಡರು. ಪವಾಡಗಳನ್ನೂ ಪುನರುತ್ಥಾನವನ್ನೂ ಅದರಲ್ಲಿ ಸೇರಿಸಲಿಲ್ಲ. ಸಮಾಧಿಯ ಬಾಗಿಲಿಗೆ ಕಲ್ಲನ್ನು ಉರುಳಿಸುವಲ್ಲಿಗೆ ಅವರ ಕಥೆ ಮುಗಿಯುತ್ತದೆ. ಇಷ್ಟು ಬಗೆಯ ಜನರನ್ನು ಒಂದೇ ಹೆಸರಿನಡಿ ಕೂರಿಸಲು ಹೊರಟವರು ಯಾರೇ ಆದರೂ ಅರ್ಧದಷ್ಟು ಮಂದಿಯನ್ನು ಮರೆಯಬೇಕಾಗುತ್ತದೆ.

ಚರ್ಚು ಮತ್ತು ಪ್ರಭುತ್ವಗಳ ಪ್ರತ್ಯೇಕತೆ ಹೇಗೆ ಬಂತು ಎಂಬುದನ್ನು ತಿಳಿಯಲು ವರ್ಜೀನಿಯದ ಪ್ರಸಂಗವನ್ನು ನೋಡಬೇಕು. ಅಲ್ಲಿ ಆಂಗ್ಲಿಕನ್ ಚರ್ಚೇ ಅಧಿಕೃತವಾಗಿದ್ದ ಕಾಲದಲ್ಲಿ, ಪರವಾನಗಿಯಿಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟ್ ಪ್ರಚಾರಕರನ್ನು ಜೈಲಿಗೆ ಹಾಕುತ್ತಿದ್ದರು. ಮುಂದೆ ಸಂವಿಧಾನದ ಪ್ರಮುಖ ಶಿಲ್ಪಿಯೂ ಅಧ್ಯಕ್ಷರೂ ಆದ ಜೇಮ್ಸ್ ಮ್ಯಾಡಿಸನ್ ಯುವಕರಾಗಿದ್ದಾಗ 1774ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಸಂಗತಿಯನ್ನು ಸಿಟ್ಟಿನಿಂದಲೇ ಪ್ರಸ್ತಾಪಿಸಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನ ಪ್ರಭಾವಿ ರಾಜಕಾರಣಿ ಪ್ಯಾಟ್ರಿಕ್ ಹೆನ್ರಿಯವರು ಕ್ರೈಸ್ತ ಬೋಧಕರ ವೇತನಕ್ಕಾಗಿ ತೆರಿಗೆ ಎತ್ತುವ ಮಸೂದೆಯನ್ನು ಮುಂದಿಟ್ಟರು. ತೆರಿಗೆದಾರನು ತನ್ನ ಹಣ ಯಾವ ಪಂಗಡಕ್ಕೆ ಹೋಗಬೇಕೆಂದು ತಾನೇ ಸೂಚಿಸಬಹುದಾಗಿದ್ದರಿಂದ ಮಸೂದೆ ಮೇಲ್ನೋಟಕ್ಕೆ ಉದಾರವಾಗಿಯೇ ಇತ್ತು, ವಾಷಿಂಗ್ಟನ್ನರಿಗೂ ಅದರಲ್ಲಿ ಆತಂಕಪಡುವಂಥದ್ದು ಕಾಣಲಿಲ್ಲ. ಮ್ಯಾಡಿಸನ್ 1785ರಲ್ಲಿ ಅದನ್ನು ವಿರೋಧಿಸಿ ಬರೆದ ಮನವಿ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಆ ಮನವಿಗೆ ಬಿದ್ದುದಕ್ಕಿಂತ ಹೆಚ್ಚು ಸಹಿಗಳು ಬಿದ್ದದ್ದು, ಇಂಥ ತೆರಿಗೆ ಸುವಾರ್ತೆಯ ಆಶಯಕ್ಕೇ ವಿರುದ್ಧವೆಂದು ವಾದಿಸಿದ ಭಕ್ತ ಕ್ರೈಸ್ತರ ಮತ್ತೊಂದು ಮನವಿಗೆ. ಮಸೂದೆ ಬಿದ್ದುಹೋಯಿತು, ಅದರ ಬೆನ್ನಿಗೇ 1786ರಲ್ಲಿ ಜೆಫರ್ಸನ್ನರ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಅಂಗೀಕಾರವಾಯಿತು. ಅದರ ಪೀಠಿಕೆಯಲ್ಲಿ ಏಸುಕ್ರಿಸ್ತನ ಹೆಸರನ್ನು ಸೇರಿಸುವ ಯತ್ನ ಸೋತುದನ್ನು ಜೆಫರ್ಸನ್ ಮುಂದೆ ಆತ್ಮಕಥನದಲ್ಲಿ ನೆನೆಯುತ್ತಾ, ಈ ರಕ್ಷಣೆಯು ಯಹೂದಿ, ಕ್ರೈಸ್ತ, ಮುಸಲ್ಮಾನರ ಜೊತೆಗೆ ಹಿಂದೂವಿಗೂ ನಾಸ್ತಿಕನಿಗೂ ಸಲ್ಲುತ್ತದೆಯೆಂಬುದಕ್ಕೆ ಅದೇ ಸಾಕ್ಷಿಯೆಂದು ಬರೆದರು. ನಿಮ್ಮ ಊಟದ ಮೇಜಿನಲ್ಲಿ ಈ ಮಾತನ್ನು ಧಾರಾಳವಾಗಿ ಉಪಯೋಗಿಸಿಕೊಳ್ಳಬಹುದು.

ಹೀಗೆ ಜೈಲಿನ ಅನುಭವವಿದ್ದ ಭಕ್ತರೂ ಪವಾಡವನ್ನು ನಂಬದ ಚಿಂತಕರೂ ಬೇರೆ ಬೇರೆ ಕಾರಣಗಳಿಂದ ಒಂದೇ ಕಾನೂನನ್ನು ಬಯಸಿದರು. 1802ರ ಜನವರಿ 1ರಂದು ಇದು ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಮ್ಯಾಸಚೂಸೆಟ್ಸಿನ ಚೆಷೈರ್ ಊರಿನ ಬ್ಯಾಪ್ಟಿಸ್ಟರ ಪರವಾಗಿ ಜಾನ್ ಲೆಲ್ಯಾಂಡ್ ಎಂಬ ಬೋಧಕರು 1,235 ಪೌಂಡ್ ತೂಕದ ಚೀಸಿನ ಗಡ್ಡೆಯೊಂದನ್ನು ಅಧ್ಯಕ್ಷ ಜೆಫರ್ಸನ್ನರಿಗೆ ಕಾಣಿಕೆಯಾಗಿ ಒಪ್ಪಿಸಿದ ದಿನವದು. ಕನೆಕ್ಟಿಕಟ್ಟಿನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ, ಚರ್ಚಿಗೂ ಪ್ರಭುತ್ವಕ್ಕೂ ನಡುವಣ ‘ಬೇರ್ಪಡಿಸುವ ಗೋಡೆ’ಯ ಪ್ರಸಿದ್ಧ ಪತ್ರವನ್ನು ಜೆಫರ್ಸನ್ ಬರೆದದ್ದೂ ಅಂದೇ. ಆ ಬ್ಯಾಪ್ಟಿಸ್ಟರ ದೂರು ಅತ್ಯಂತ ಸ್ಪಷ್ಟವಾಗಿತ್ತು: ತಮಗಿರುವ ಧಾರ್ಮಿಕ ಸ್ವಾತಂತ್ರ್ಯವನ್ನು ರಾಜ್ಯವು ಹಕ್ಕೆಂದು ಕಾಣದೆ, ತಾನು ತೋರುವ ಕೃಪೆಯೆಂದು ಕಾಣುತ್ತಿದೆ.

ಉತ್ತರ: ನ್ಯಾಯಾಂಗಣ

ಮೇಲಿನವರ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ವರ್ಜೀನಿಯವನ್ನೇ ಇಡೀ ಅಮೆರಿಕ ಎಂದು ಭಾವಿಸುವುದರಲ್ಲಿ ಅಪಾಯವಿದೆ. ಸರ್ಕಾರವು ಯಾವ ಧರ್ಮವನ್ನೂ ಅಧಿಕೃತವಾಗಿ ಸ್ಥಾಪಿಸಬಾರದೆನ್ನುವ, 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲನೆಯ ತಿದ್ದುಪಡಿಯು ಕೈಕಟ್ಟಿದ್ದು ಒಕ್ಕೂಟದ ಕಾಂಗ್ರೆಸ್ಸನ್ನು ಮಾತ್ರ. ಅಂತಃಸಾಕ್ಷಿಯ ಹಕ್ಕನ್ನು ರಾಜ್ಯಗಳೂ ಉಲ್ಲಂಘಿಸಬಾರದೆಂಬ ಮ್ಯಾಡಿಸನ್ನರ ಪ್ರಸ್ತಾವವು ಕೆಳಮನೆಯಲ್ಲಿ ಗೆದ್ದರೂ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಅದರಿಂದಾಗಿ ಕನೆಕ್ಟಿಕಟ್ಟಿನಲ್ಲಿ 1818ರವರೆಗೂ ಮ್ಯಾಸಚೂಸೆಟ್ಸಿನಲ್ಲಿ 1833ರವರೆಗೂ ರಾಜ್ಯದ ಬೆಂಬಲದ ಚರ್ಚ್ ವ್ಯವಸ್ಥೆ ಉಳಿದುಕೊಂಡಿತು, ಅದು ಸಂವಿಧಾನಕ್ಕೆ ವಿರುದ್ಧವೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಧರ್ಮಸ್ಥಾಪನೆಯ ನಿಷೇಧವು ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1947ರ ಎವರ್ಸನ್ ಪ್ರಕರಣದಲ್ಲಿ, ಅಂತರ್ಯುದ್ಧದ ನಂತರ ಬಂದ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ. ಆದ್ದರಿಂದ ತರಗತಿಯ ಗೋಡೆಯ ಮೇಲೆ ಏನಿರಬೇಕು ಎಂಬ ಪ್ರಶ್ನೆಗೆ 1787ರಲ್ಲಿ ಸಂವಿಧಾನವನ್ನು ರಚಿಸಿದ ಸಭಾಸದರಿಂದ ನೇರ ಉತ್ತರವನ್ನು ನಿರೀಕ್ಷಿಸುವುದೇ ಸರಿಯಲ್ಲ. ಕೆಂಟಕಿಯ ಇಂಥದ್ದೇ ಕಾನೂನನ್ನು 1980ರಲ್ಲಿ ರದ್ದುಪಡಿಸಿದ ತೀರ್ಪು ಈ ಚರ್ಚೆಗೆ ಹೆಚ್ಚು ಹತ್ತಿರದ್ದು.

ಸಂಸ್ಥಾಪಕರ ನಡೆಯೂ ಏಕರೂಪವಾಗಿರಲಿಲ್ಲ. ಉಪವಾಸ ಮತ್ತು ಪ್ರಾರ್ಥನೆಯ ದಿನವನ್ನು ಘೋಷಿಸಲು ಅಧ್ಯಕ್ಷ ಜೆಫರ್ಸನ್ ಒಪ್ಪಲಿಲ್ಲ. ಜಾನ್ ಆಡಮ್ಸ್ ಘೋಷಿಸಿದ್ದರು. ಮ್ಯಾಡಿಸನ್ನರೂ 1812ರ ಯುದ್ಧಕಾಲದಲ್ಲಿ ಘೋಷಿಸಿ, ನಿವೃತ್ತರಾದ ಮೇಲೆ ಇಂಥ ಘೋಷಣೆಗಳನ್ನೂ ಕಾಂಗ್ರೆಸ್ಸಿನ ಸಂಬಳದ ಪಾದ್ರಿಗಳನ್ನೂ ಆಕ್ಷೇಪಿಸಿ ಬರೆದಿಟ್ಟರು. ಗೋಡೆಯ ಪತ್ರ ಬರೆದ ಎರಡೇ ದಿನಕ್ಕೆ ಜೆಫರ್ಸನ್ನರು ಕೆಳಮನೆಯ ಸಭಾಂಗಣದಲ್ಲಿ ನಡೆದ ಭಾನುವಾರದ ಆರಾಧನೆಗೆ ಹೋಗಿ ಅದೇ ಲೆಲ್ಯಾಂಡರ ಬೋಧನೆಯನ್ನು ಕೇಳಿ ಬಂದರು.

ಪ್ರಶ್ನೆ: ಅಲೆಮಾರಿ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಸಂವಿಧಾನ ಸಭೆಯಲ್ಲಿ ಬಿಕ್ಕಟ್ಟು ತಲೆದೋರಿದಾಗ ಫ್ರಾಂಕ್ಲಿನ್ನರ ಸಲಹೆಯಂತೆ ಎಲ್ಲರೂ ಪ್ರಾರ್ಥಿಸಿದರು, ಆಮೇಲೆಯೇ ಒಮ್ಮತ ಮೂಡಿತು ಎಂದು ಮೊದಲನೆಯ ಸಹೋದ್ಯೋಗಿ ಹೇಳುತ್ತಾರೆ. ಇದು ನಿಜವೇ?

ಉತ್ತರ: ಹಳೆಯ ಕಡತ

ಸಲಹೆ ಕೊಟ್ಟದ್ದು ನಿಜ, ಉಳಿದದ್ದು ಕಟ್ಟುಕಥೆ. 1787ರ ಜೂನ್ 28ರಂದು, ದಿನದ ಕಲಾಪವನ್ನು ಪ್ರಾರ್ಥನೆಯಿಂದ ಆರಂಭಿಸೋಣವೆಂದು ಫ್ರಾಂಕ್ಲಿನ್ ಸೂಚಿಸಿದರು. ಈಗ ಹೊಸದಾಗಿ ಪಾದ್ರಿಯನ್ನು ಕರೆಸಿದರೆ ಒಳಗೆ ಏನೋ ಕೆಟ್ಟಿದೆಯೆಂದು ಹೊರಗಿನವರು ಶಂಕಿಸುತ್ತಾರೆ ಎಂದು ಕೆಲವರು ಹಿಂಜರಿದರು, ಪಾದ್ರಿಗೆ ಕೊಡಲು ಸಭೆಯ ಬಳಿ ಹಣವಿಲ್ಲ ಎಂದರು ಮತ್ತೊಬ್ಬರು. ಸೂಚನೆಯನ್ನು ಮತಕ್ಕೆ ಹಾಕದೆಯೇ ಸಭೆ ಆ ದಿನದ ಮಟ್ಟಿಗೆ ಮುಗಿಯಿತು. ಮೂರು ನಾಲ್ಕು ಮಂದಿಯನ್ನು ಬಿಟ್ಟರೆ ಉಳಿದವರಿಗೆ ಪ್ರಾರ್ಥನೆ ಅನಗತ್ಯವೆನಿಸಿತೆಂದು ಫ್ರಾಂಕ್ಲಿನ್ನರೇ ತಮ್ಮ ಭಾಷಣದ ಪ್ರತಿಯ ಕೆಳಗೆ ಗುರುತು ಹಾಕಿಕೊಂಡಿದ್ದಾರೆ. ವಿಚಿತ್ರವೆಂದರೆ, ನಿಮ್ಮ ಎರಡನೆಯ ಸಹೋದ್ಯೋಗಿ ಡೀಯಿಸ್ಟರೆಂದು ಕರೆದವರೇ ಅಲ್ಲಿ ಪ್ರಾರ್ಥನೆಯನ್ನು ಕೇಳಿದರು, ಅದನ್ನು ಬೇಡವೆಂದು ಕೈಬಿಟ್ಟವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಚರ್ಚಿಗೆ ಸೇರಿದ್ದವರು.