ಅಪ್‌ಡೇಟ್: ಮಳೆ ಲೆಕ್ಕದ ಸ್ಕ್ರಿಪ್ಟ್ ಓಡಿತು

ತೀರ್ಥಹಳ್ಳಿಯ ನಮ್ಮ ತೋಟದ ಮಳೆ ಲೆಕ್ಕ ಕೂಡಿಸುವ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಉಬುಂಟು ಲಿನಕ್ಸ್‌ನಲ್ಲಿ 'ಪರ್ಮಿಷನ್ ಡಿನೈಡ್' (ಅನುಮತಿ ಇಲ್ಲ) ಅನ್ನುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಈಗ ಓಡುತ್ತಿದೆ. ನೀವು ಹೇಳಿದ ಹಾಗೆ ಫೈಲ್ ಓಡಿಸಲು ಅನುಮತಿ ಕೊಡುವ ಸಿಎಚ್‌ಮಾಡ್ ಯು ಪ್ಲಸ್ ಎಕ್ಸ್ (chmod u+x) ಕಮಾಂಡ್ ಕೊಟ್ಟೆ. ಆದರೂ ಬರೀ ಹೆಸರು ಟೈಪ್ ಮಾಡಿದರೆ 'ಕಮಾಂಡ್ ನಾಟ್ ಫೌಂಡ್'! ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಶೆಲ್ ಹುಡುಕುವುದು 'ಪಾತ್' ಅನ್ನುವ ಪಟ್ಟಿಯಲ್ಲಿರುವ ಫೋಲ್ಡರ್‌ಗಳಲ್ಲಿ ಮಾತ್ರ, ನಾವಿರುವ ಫೋಲ್ಡರ್ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ, ಅದಕ್ಕೇ ಹೆಸರಿಗೆ ಮೊದಲು ಚುಕ್ಕಿ, ಸ್ಲ್ಯಾಶ್ (./) ಹಾಕಬೇಕು ಅಲ್ವಾ.

ಆಮೇಲೆ ಬಂದಿದ್ದು 'ಬ್ಯಾಡ್ ಇಂಟರ್‌ಪ್ರಿಟರ್', ಸ್ಕ್ರಿಪ್ಟ್ ಓಡಿಸುವ ಶೆಲ್ ಆದ ಬ್ಯಾಶ್‌ನ ಹೆಸರಿನ ಪಕ್ಕದಲ್ಲಿ ಒಂದು ^ಎಂ. ಫೈಲ್ ಬರೆದಿದ್ದು ಶಿವಮೊಗ್ಗದ ಅಣ್ಣನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿನ ಎಡಿಟರ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಸೇರಿಸಿತ್ತು, ಅದೇ ಈ ^ಎಂ. ಅದನ್ನು ತೆಗೆಯುವ ಡಾಸ್‌2ಯುನಿಕ್ಸ್ ಕಮಾಂಡ್ ಓಡಿಸಿದೆ, ಸರಿಹೋಯಿತು. ಆಷಾಢದ ಮೊತ್ತ ಒಂದೇ ಕ್ಷಣದಲ್ಲಿ ಬಂತು, ತುಂಬಾ ಖುಷಿಯಾಯಿತು. ಇನ್ನು ಇದನ್ನು ದಿನಾ ರಾತ್ರಿ ತಾನಾಗೇ ಓಡುವ ಹಾಗೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಹಾಕಬೇಕು.