ಅಪ್‌ಡೇಟ್: ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಕೆಲಸಗಾರ, ಕ್ರಿಯಾಟಿನಿನ್ 5.2

ಹಿಂದೆ ನಾನು ನಿಮ್ಮನ್ನು ಕೇಳಿದ್ದು ಇಷ್ಟು: ಐದು ದಿನದ ಜ್ವರ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕೆಂಪು ಕಣ್ಣು, ಕ್ರಿಯಾಟಿನಿನ್ (ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ತ್ಯಾಜ್ಯ) 5.2. ಡಯಾಲಿಸಿಸ್‌ಗೆ ಈಗಲೇ ಶಿವಮೊಗ್ಗಕ್ಕೆ ಕಳಿಸಬೇಕೇ? ಮೊದಲು ಪೊಟ್ಯಾಶಿಯಂ, ಮೂತ್ರದ ಪ್ರಮಾಣ ನೋಡಿ ಎಂದಿರಿ. ಅದೇ ಸರಿಯಾಯಿತು.

ಪೊಟ್ಯಾಶಿಯಂ 3.1, ಮೂತ್ರ ದಿನಕ್ಕೆ 1.5 ಲೀಟರ್. ಕಿಡ್ನಿ ಇಷ್ಟು ಕೆಟ್ಟಾಗ ಪೊಟ್ಯಾಶಿಯಂ ಸಾಮಾನ್ಯವಾಗಿ ಏರುತ್ತದೆ. ಇಳಿದಿದ್ದರೆ, ಅದೂ ಮಳೆಗಾಲದ ಮಲೆನಾಡಿನಲ್ಲಿ, ಇಲಿಜ್ವರವೇ ಮೊದಲ ಅನುಮಾನ. ಈ ರೋಗಾಣು ಕಿಡ್ನಿಯ ಸೂಕ್ಷ್ಮನಾಳಗಳನ್ನು ಕೆಡಿಸುವುದರಿಂದ ಲವಣಗಳು ಮೂತ್ರದಲ್ಲಿ ಸೋರಿಹೋಗುತ್ತವೆ. ಇಲಿಜ್ವರದ ಐಜಿಎಂ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ) ನೆಗೆಟಿವ್ ಬಂತು. ಮೊದಲ ವಾರದಲ್ಲಿ ಅದನ್ನು ನಂಬಿ ಕೂರುವಂತಿಲ್ಲ, ಆ್ಯಂಟಿಬಯಾಟಿಕ್ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1 ಗ್ರಾಂ ನಿಲ್ಲಿಸಲಿಲ್ಲ. ಜ್ವರದ ಹತ್ತನೇ ದಿನದ ಮರುಪರೀಕ್ಷೆ ಪಾಸಿಟಿವ್.

ಸ್ಕ್ಯಾನ್‌ನಲ್ಲಿ ಮೂತ್ರದ ದಾರಿಗೆ ಅಡಚಣೆ ಇಲ್ಲ. ಡ್ರಿಪ್ 500 ಮಿಲಿಯಂತೆ, ಪ್ರತಿ ಬಾಟಲಿಯ ನಂತರ ಎದೆಗೆ ಸ್ಟೆತಸ್ಕೋಪ್. ಇಲಿಜ್ವರದಲ್ಲಿ ಶ್ವಾಸಕೋಶದಲ್ಲೂ ರಕ್ತಸ್ರಾವ ಆಗಬಹುದು, ಸುರಿದು ಕೆಡಿಸಬಾರದು.

ನಮ್ಮ ಕಣ್ಣು ತಪ್ಪಿಹೋಗಿದ್ದು ಡೈಕ್ಲೋಫೆನಾಕ್, ಕಿಡ್ನಿಗೆ ಪೆಟ್ಟು ಕೊಡಬಲ್ಲ ನೋವಿನ ಗುಳಿಗೆ. ಮೈಕೈ ನೋವಿಗೆ ನುಂಗಿದ್ದು ಯಾವ ಚೀಟಿಯಲ್ಲೂ ಇರಲಿಲ್ಲ. ಹೆಂಡತಿ ಎಲೆಅಡಿಕೆ ಸಂಚಿಯಿಂದ ಖಾಲಿ ಸ್ಟ್ರಿಪ್ ತೆಗೆದಾಗಲೇ ಗೊತ್ತಾದದ್ದು. ‘ಮಾತ್ರೆ ತಗೊಂಡ್ರಾ’ ಎಂದರೆ ‘ಇಲ್ಲ’ ಅಂತಾರೆ, ‘ನೋವಿನ ಗುಳಿಗೆ’ ಎಂದೇ ಕೇಳಬೇಕು.

ಈಗ ಕ್ರಿಯಾಟಿನಿನ್ 1.6, ಡಯಾಲಿಸಿಸ್ ಬೇಕಾಗಲಿಲ್ಲ. ಮೂತ್ರ ದಿನಕ್ಕೆ 4 ಲೀಟರ್‌ಗೆ ಏರಿದೆ, ಪೊಟ್ಯಾಶಿಯಂ ದಿನಾ ಎರಡು ಸಲ ನೋಡುತ್ತಿದ್ದೇವೆ.