ಕಾರಿನಲ್ಲಿ ಹಾಡಿನ ಮಧ್ಯೆ ಮೆಸೇಜ್ ಸದ್ದು: ಕರೆ ಮಾತ್ರ ಬರುವಂತೆ ಮಾಡಬಹುದಾ?

ಪ್ರಶ್ನೆ (ಮಂಡ್ಯ)

ನಮಸ್ಕಾರ. ಕೆಲಸಕ್ಕೆ ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಕಾರಿನಲ್ಲಿ ಓಡಾಡುತ್ತೇನೆ. ಆಂಡ್ರಾಯ್ಡ್ ಫೋನನ್ನು ಬ್ಲೂಟೂತ್‌ನಲ್ಲಿ ಸ್ಟೀರಿಯೋಗೆ ಜೋಡಿಸಿ ಹಾಡು ಕೇಳುವುದು ಅಭ್ಯಾಸ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಗುಂಪುಗಳಲ್ಲಿ ಶುಭೋದಯದ ಮೆಸೇಜುಗಳು ಶುರುವಾಗುತ್ತವೆ. ಒಳ್ಳೇ ಆಲಾಪನೆಯ ನಡುವೆ ಟಿಂಗ್ ಅನ್ನುತ್ತದೆ, ಹಾಡು ತಗ್ಗುತ್ತದೆ, ಕಣ್ಣು ತಾನಾಗಿ ಫೋನಿನ ಕಡೆ ಹೋಗುತ್ತದೆ. ಪೂರ್ತಿ ಸೈಲೆಂಟ್ ಮಾಡುವ ಹಾಗಿಲ್ಲ. ಅಮ್ಮನಿಗೆ ಹುಷಾರಿಲ್ಲ, ಮನೆಯಿಂದ ಕರೆ ಬಂದರೆ ಗೊತ್ತಾಗಲೇಬೇಕು. ಏನು ಮಾಡಲಿ?

ಉತ್ತರ (ಮೈಸೂರು, ಕುವೆಂಪುನಗರ)

ಮೊದಲು ಒಂದು ವಿಷಯ ಹೇಳಿ. ಹಾಡು ತಗ್ಗಿ ತಾನೇ ಮೇಲೇಳುತ್ತದಾ, ಇಲ್ಲ ನಿಂತೇ ಹೋಗುತ್ತದಾ? ಎರಡಕ್ಕೂ ಕಾರಣ ಬೇರೆ.

ತಗ್ಗಿ ಮೇಲೇಳುತ್ತಿದ್ದರೆ ಫೋನೂ ಕೆಟ್ಟಿಲ್ಲ, ಸ್ಟೀರಿಯೋನೂ ಕೆಟ್ಟಿಲ್ಲ. ಸದ್ದು ಮಾಡಬೇಕಾದ ಆಪ್ ಸಿಸ್ಟಮ್ ಹತ್ತಿರ 'ಆಡಿಯೋ ಫೋಕಸ್', ಅಂದರೆ ಈಗ ಸದ್ದು ಮಾಡುವ ಸರದಿ, ಕೇಳುತ್ತದೆ. ಚಿಕ್ಕ ಸದ್ದಾದರೆ ಹಾಡು ಅಷ್ಟು ಹೊತ್ತು ತಗ್ಗಿ ದಾರಿ ಬಿಡುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಹೀಗೆ ತಗ್ಗಿಸುವ ಕೆಲಸವನ್ನು ಸಿಸ್ಟಮ್ಮೇ ಮಾಡುತ್ತದೆ. ನಿಂತೇ ಹೋಗುತ್ತಿದ್ದರೆ ಯಾವುದೋ ಆಪ್ ಫೋಕಸನ್ನು ಪೂರ್ತಿ ತೆಗೆದುಕೊಂಡಿದೆ, ಅಥವಾ ಕರೆ ಬಂದಿದೆ. ಕರೆಗೆ ಬ್ಲೂಟೂತ್‌ನಲ್ಲಿ ಬೇರೆಯೇ ದಾರಿ ಇದೆ: ಹಾಡು ಎ2ಡಿಪಿ ಅನ್ನುವ ಸಂಗೀತದ ದಾರಿಯಲ್ಲಿ, ಕರೆ ಎಚ್‌ಎಫ್‌ಪಿ ಅನ್ನುವ ಹ್ಯಾಂಡ್ಸ್‌ಫ್ರೀ ಮಾತಿನ ದಾರಿಯಲ್ಲಿ.

ಪ್ರಶ್ನೆ ಕೇಳಿದವರು

ತಗ್ಗಿ ತಾನೇ ಮೇಲೇಳುತ್ತದೆ. ನಿಲ್ಲುವುದು ಕರೆ ಬಂದಾಗ ಮಾತ್ರ.

ಉತ್ತರ (ಕುವೆಂಪುನಗರ)

ಹಾಗಾದರೆ ಫೋನಿನ ಸದ್ದುಗಳನ್ನು ತಡೆಯುವ 'ಡು ನಾಟ್ ಡಿಸ್ಟರ್ಬ್' ಸೆಟ್ಟಿಂಗ್ ಸಾಕು. ತುಂಬಾ ಜನ ಅದನ್ನು ಆನ್ ಮಾಡಿದರೆ ಎಲ್ಲವೂ ಬಂದ್ ಆಗುತ್ತದೆ ಅಂತ ಹೆದರಿ ಮುಟ್ಟುವುದೇ ಇಲ್ಲ. ಅದರೊಳಗೆ ಯಾರನ್ನು ಬಿಡಬೇಕು ಅನ್ನುವ ಆಯ್ಕೆ ಇದೆ. ಕರೆಗಳ ಜಾಗದಲ್ಲಿ 'ಸ್ಟಾರ್ಡ್ ಕಾಂಟ್ಯಾಕ್ಟ್ಸ್' ಆರಿಸಿ, ಮನೆಯವರ ನಂಬರಿಗೆ ಸ್ಟಾರ್ ಹಾಕಿ. ಪಕ್ಕದ ಮನೆಯವರು, ಡಾಕ್ಟರ್ ಕ್ಲಿನಿಕ್ಕಿನ ನಂಬರಿಗೂ ಹಾಕಿ, ಅಮ್ಮನ ಪರವಾಗಿ ಕರೆ ಮಾಡುವವರು ಅವರೇ ಇರಬಹುದು ಅಲ್ವಾ? 'ರಿಪೀಟ್ ಕಾಲರ್ಸ್' ಕೂಡ ಆನ್ ಇರಲಿ. 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಸಲ ಕರೆ ಬಂದರೆ ಫೋನ್ ರಿಂಗ್ ಆಗುತ್ತದೆ. ಮೆಸೇಜುಗಳಿಗೆ ಯಾರನ್ನೂ ಬಿಡಬೇಡಿ. 'ಮೀಡಿಯಾ' ಆನ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಹಾಡೂ ಬಂದ್ ಆಗುತ್ತದೆ.

ನಿಮ್ಮದು ಸ್ಯಾಮ್‌ಸಂಗ್ ಆಗಿದ್ದರೆ ದಿನಾ ಆನ್ ಮಾಡುವ ಕೆಲಸವೂ ಇಲ್ಲ. 'ಮೋಡ್ಸ್ ಅಂಡ್ ರೊಟೀನ್ಸ್'ನಲ್ಲಿ ಡ್ರೈವಿಂಗ್ ಆರಿಸಿ, ಕಾರಿನ ಬ್ಲೂಟೂತ್ ತೋರಿಸಿ. ಜೋಡಣೆಯಾದಾಗ ಶುರು, ಬಿಟ್ಟಾಗ ಬಂದ್.

ಇದನ್ನೆಲ್ಲ ಮನೆಯಲ್ಲೇ ಕೂತು ಮಾಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿ.ಮೀ. ವೇಗ ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ಸ್ಕ್ರೀನ್ ನೋಡಿ ತಲೆ ಎತ್ತುವಷ್ಟರಲ್ಲಿ ಕಾರು ಬಹಳ ದೂರ ಹೋಗಿರುತ್ತದೆ.

ಉತ್ತರ (ಪಾಂಡವಪುರ)

ಸ್ಯಾಮ್‌ಸಂಗ್‌ನಲ್ಲಿ 'ಸೆಪರೇಟ್ ಆಪ್ ಸೌಂಡ್' ಅಂತಲೂ ಇದೆ. ಹಾಡಿನ ಆಪ್ ಮಾತ್ರ ಬ್ಲೂಟೂತ್‌ಗೆ, ಉಳಿದ ಸದ್ದು ಫೋನಿನ ಸ್ಪೀಕರಿಗೆ. ಮೆಸೇಜ್ ಸದ್ದು ಮೆಲ್ಲಗೆ ಕೇಳಲಿ ಅನ್ನುವವರಿಗೆ ಒಳ್ಳೆಯದು. ಐಫೋನಿನವರಿಗೆ ಐಒಎಸ್ 15ರಿಂದ 'ಫೋಕಸ್' ಒಳಗೆ 'ಡ್ರೈವಿಂಗ್' ಇದೆ, ಕಾರಿನ ಬ್ಲೂಟೂತ್ ಸಿಕ್ಕಾಗ ತಾನೇ ಶುರುವಾಗುವಂತೆ ಇಡಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಟಾರ್ ಹಾಕಿ ಇವತ್ತು ನೋಡಿದೆ, ಮೆಸೇಜ್ ಸದ್ದು ಪೂರ್ತಿ ನಿಂತಿದೆ, ಅಮ್ಮನ ಕರೆ ಬಂತು. ಮನಸ್ಸು ನಿರಾಳವಾಯಿತು. ಆದರೆ ಗೂಗಲ್ ಮ್ಯಾಪ್ಸ್ ದನಿ ಬಂದಾಗ ಹಾಡು ಈಗಲೂ ತಗ್ಗುತ್ತದೆ.

ಉತ್ತರ (ಕುವೆಂಪುನಗರ)

ಅದು ನೋಟಿಫಿಕೇಶನ್ ಅಲ್ಲ, ಡು ನಾಟ್ ಡಿಸ್ಟರ್ಬ್ ಅದನ್ನು ತಡೆಯುವುದಿಲ್ಲ. ದಿನಾ ಹೋಗುವ ದಾರಿಗೆ ಸುಮ್ನೆ ಪ್ರತಿ ತಿರುವನ್ನೂ ಹೇಳಿಸಿಕೊಳ್ಳುವುದು ಬೇಡ. ನ್ಯಾವಿಗೇಶನ್ ನಡೆಯುವಾಗ ಸ್ಪೀಕರ್ ಗುರುತು ಒತ್ತಿ 'ಅಲರ್ಟ್ಸ್ ಓನ್ಲಿ'ಗೆ ಇಡಿ. ಹೊಸ ಊರಿಗೆ ಹೋಗುವಾಗ ಮಾತ್ರ ಪೂರ್ತಿ ದನಿ ಆನ್ ಮಾಡಿ.